ಗೋಚರತೆ ಉತ್ತಮ

ಅಕ್ಟೋಬರ್ ೧೪, ಭಾನುವಾರ ಮಧ್ಯಾಹ್ನ

ನನ್ನ ದೊಡ್ಡ ಮಗಳಿಗೆ,

ಅಮ್ಮನ ಮನಸಾರೆ ಹಾರೈಕೆ. ಅಳಿಯಂದಿರೂ ಮೊಮ್ಮಗಳೂ ಸುಖವಾಗಿದ್ದಾರೆ ಅಂತ ನಂಬಿದ್ದೇನೆ. ಮೊಮ್ಮಗಳ ಹಲ್ಲಿನ ತಂತಿ ಬಿಚ್ಚಿಸಿದಿರಾ? ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳಲ್ಲ, ಆ ಅಭ್ಯಾಸ ಬಿಡಿಸು. ತಂತಿ ಹೋದರೂ ಅದು ಉಳಿದುಬಿಡುತ್ತೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಎಡಮಂಡಿಯೊಂದನ್ನು ಬಿಟ್ಟರೆ ಮೈಯಲ್ಲಿ ಉಳಿದವರೆಲ್ಲ ಇನ್ನೂ ಹೇಳಿದ ಮಾತು ಕೇಳುತ್ತಿದ್ದಾರೆ.

ನಿನ್ನ ಕಾಗದ ಬಂದು ಐದು ತಿಂಗಳಾಯಿತು. ಉತ್ತರ ಬರೆಯಲಿಲ್ಲ, ಹೊಟ್ಟೆಗೆ ಹಾಕ್ಕೋ. ಮೊದಲನೇ ತಿಂಗಳು ಮಂಡಿ ನೋವು ಅಂದುಕೊಂಡೆ. ಎರಡನೇ ತಿಂಗಳು ಕನ್ನಡಕ ಬದಲಾಯಿಸಬೇಕು ಅಂದುಕೊಂಡೆ. ಆಮೇಲೆ ಸಬೂಬುಗಳೂ ಮುಗಿದುಹೋದವು, ಸುಮ್ಮನೆ ಬರೆಯದೇ ಇದ್ದೆ. ಫೋನಿನಲ್ಲಿ ನೀನು ‘ಕಾಗದ ತಲುಪಿತಾ’ ಅಂತ ಒಂದು ಸಲವೂ ಕೇಳಲಿಲ್ಲ, ‘ತಲುಪಿತು’ ಅಂತ ನಾನೂ ಹೇಳಲಿಲ್ಲ. ಅಲ್ಲಿ ಸೆಕೆಯಾ, ಇಲ್ಲಿ ಮೋಡ ಅಂತ ಮಾತಾಡಿ ಇಟ್ಟುಬಿಡುತ್ತಿದ್ದೆವು. ಹವಾಮಾನ ಕೇಂದ್ರದವನ ಹೆಂಡತಿಗೂ ಮಗಳಿಗೂ ಆ ಮಾತಿಗೆ ಬರವಿಲ್ಲ ನೋಡು.

ನಿನ್ನ ಕಾಗದ ಒಂದೇ ಪುಟ. ನಿನ್ನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿ ಬರೆದುಕೊಡುತ್ತೀಯಲ್ಲ, ಹಾಗೇ ಇದೆ. ದೊಡ್ಡಮ್ಮ ತೀರಿಕೊಳ್ಳುವ ಹದಿನೈದು ದಿನ ಮುಂಚೆ ನೀನು ಅವಳನ್ನು ಕೇಳಿದೆ: ‘ಒಂದು ವರ್ಷಕ್ಕೆ ಅಂತ ನನ್ನನ್ನು ನಿನ್ನ ಹತ್ತಿರ ಬಿಟ್ಟರು. ಆಮೇಲೆ ಯಾಕೆ ಕರೆದುಕೊಂಡು ಹೋಗಲಿಲ್ಲ? ನೀನು ಬಿಡಲಿಲ್ಲ ಅಂತ ಅಮ್ಮ ಹೇಳ್ತಾಳೆ. ನಿಜವಾ?’ ದೊಡ್ಡಮ್ಮ ‘ಹೌದು, ನಾನೇ ಬಿಡಲಿಲ್ಲ’ ಅಂದಳು. ಆಮೇಲೆ ನೀನು ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಔಷಧಿ ಕೊಟ್ಟೆ, ಹಾಸಿಗೆ ಬದಲಾಯಿಸಿದೆ, ಮಾತು ಮಾತ್ರ ಆಡಲಿಲ್ಲ. ಕೊನೆಯ ಸಾಲಿನಲ್ಲಿ ಬರೆದಿದ್ದೀಯ: ‘ಇದು ನಿಜವೋ ಅಲ್ಲವೋ ನಿನ್ನ ಕೈಯಾರೆ ಬರೆದು ಕಳಿಸು.’

ಬರೆಯುತ್ತೇನೆ. ಅದಕ್ಕೆ ಮುಂಚೆ ಬೆಟ್ಟದ ಮನೆಗೆ ಹೋಗಿ ಬಂದ ವಿಷಯ ಹೇಳಬೇಕು. ನಿನ್ನನ್ನೂ ಕರೆದಿದ್ದೆವು. ‘ಅದು ನಿಮ್ಮ ಮನೆ, ನೀವು ಹೋಗಿ ಬನ್ನಿ’ ಅಂದೆಯಂತೆ ತಮ್ಮನಿಗೆ. ಅವನು ಫೋನಿಟ್ಟು ನನಗೆ ‘ಅಕ್ಕನಿಗೆ ರಜೆ ಇಲ್ವಂತೆ’ ಅಂದ. ಆಡಿದ ಮಾತು ಏನು ಅಂತ ನಾನೇ ಕೆದಕಿ ಕೆದಕಿ ಕೇಳಿ ತಿಳಿದುಕೊಂಡೆ.

ಹೋಗೋದು ಅಂತ ಹಟ ಹಿಡಿದವಳು ನಿನ್ನ ತಂಗಿ. ‘ಇನ್ನೆರಡು ವರ್ಷ ಬಿಟ್ರೆ ನಿನ್ನ ಕೈಲಿ ಹತ್ತೋಕಾಗಲ್ಲಮ್ಮ, ಈಗಲೇ ಹೋಗಿಬಿಡೋಣ’ ಅಂದಳು. ಹೊರಡುವ ಹಿಂದಿನ ದಿನ ತನ್ನ ಅಂಗಡಿಗೆ ಕರೆದುಕೊಂಡು ಹೋಗಿ, ಗಿರಾಕಿಗಳ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ತಲೆಗೂದಲು ಕತ್ತರಿಸಿ ಒಪ್ಪ ಮಾಡಿದಳು. ‘ನೀನು ಮನೆ ನೋಡ್ತೀಯ, ಮನೆ ನಿನ್ನ ನೋಡಲ್ವಾ?’ ಅಂತ. ತಮ್ಮ ನಾಲ್ಕು ದಿನ ರಜೆ ಹಾಕಿದ. ಊರಿನ ಅರ್ಧ ಕಟ್ಟಡಗಳ ಲಿಫ್ಟು ರಿಪೇರಿ ಮಾಡೋನು ಅವನೇ. ಅವನು ರಜೆ ಹಾಕಿದರೆ ಜನ ಮೆಟ್ಟಿಲು ಹತ್ತಬೇಕು. ದಾರಿಯುದ್ದಕ್ಕೂ ಫೋನು. ‘ಸ್ವಾಮಿ, ನಾನೇ ಬೆಟ್ಟ ಹತ್ತುತ್ತಿದ್ದೀನಿ, ನೀವು ಮೂರು ಮಹಡಿ ಹತ್ತಿ’ ಅಂತ ಯಾರಿಗೋ ಹೇಳಿದ. ತಂಗಿ ನಕ್ಕೂ ನಕ್ಕೂ ಕೆಮ್ಮಿದಳು.

ಕಾರು ಹೋಗೋದು ಕೊನೆಯ ಚಹಾದ ಅಂಗಡಿಯವರೆಗೆ. ಅಲ್ಲಿಂದ ಕಾಲುದಾರಿ. ನಿಮ್ಮಪ್ಪ ಒಂದೂವರೆ ತಾಸಿನಲ್ಲಿ ಹತ್ತುತ್ತಿದ್ದರು, ನಾವು ನಾಲ್ಕು ತಾಸು ತೆಗೆದುಕೊಂಡೆವು. ನೂರು ಹೆಜ್ಜೆಗೊಮ್ಮೆ ನಾನು ಕೂರೋದು, ಇವರಿಬ್ಬರೂ ಅಕ್ಕಪಕ್ಕ ಕೂತು ತಮಗೇ ಸುಸ್ತಾದ ಹಾಗೆ ನಾಟಕ ಆಡೋದು. ಅರ್ಧ ದಾರಿಗೆ ನನ್ನ ಎದೆ ತಿದಿಯ ಹಾಗೆ ಏಳುತ್ತಿತ್ತು. ಗಾಳಿ ಇದೆ, ಆದರೆ ಎಳೆದುಕೊಂಡಷ್ಟೂ ಸಾಲದು. ನಿನಗೆ ಏಳು ವರ್ಷದಲ್ಲಿ ಹೀಗೇ ಆಗುತ್ತಿತ್ತಲ್ಲ ಅಂತ ಆಗ ಅನ್ನಿಸಿತು. ನಿನ್ನ ಬೆನ್ನು ತಿಕ್ಕುತ್ತಾ ‘ಉಸಿರು ಎಳ್ಕೋ, ಚೆನ್ನಾಗಿ ಎಳ್ಕೋ’ ಅಂತ ಗದರುತ್ತಿದ್ದೆ. ಎಳೆದುಕೊಳ್ಳೋಕೆ ಏನು ಕಷ್ಟ ಅಂತ ನನಗೆ ಆಗ ಗೊತ್ತಿರಲಿಲ್ಲ.

ಮನೆ ಹಾಗೇ ಇದೆ. ಕಲ್ಲಿನ ಗೋಡೆ, ತಗಡಿನ ಮಾಡು, ಎರಡು ಕೋಣೆ, ಅಡುಗೆಮನೆ, ಪಕ್ಕಕ್ಕೆ ಅಂಟಿಕೊಂಡ ಆಫೀಸು. ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿರುತ್ತಿದ್ದ ಬಿಳಿ ಪೆಟ್ಟಿಗೆ, ಉಷ್ಣಮಾಪಕಗಳನ್ನು ಇಡುತ್ತಿದ್ದದ್ದು, ಅದು ಇಲ್ಲ. ಅದರ ಜಾಗದಲ್ಲಿ ಒಂದು ಉಕ್ಕಿನ ಕಂಬ. ತುದಿಯಲ್ಲಿ ಗಾಳಿಗೆ ತಿರುಗುವ ಮೂರು ಬಟ್ಟಲು, ಸೊಂಟದಲ್ಲಿ ಬಿಸಿಲಿನ ಫಲಕ. ಮೂರು ತಾಸಿಗೊಮ್ಮೆ ನಿಮ್ಮಪ್ಪ ಕೋಟು ಹಾಕಿಕೊಂಡು ಹೊರಗೆ ಹೋಗಿ ಮಾಡುತ್ತಿದ್ದ ಕೆಲಸವನ್ನು ಈಗ ಆ ಕಂಬ ನಿಂತಲ್ಲೇ ಮಾಡುತ್ತೆ. ಅದರ ಯೋಗಕ್ಷೇಮ ನೋಡೋಕೆ ತಿಂಗಳಲ್ಲಿ ಹತ್ತು ದಿನ ಒಬ್ಬ ಹೆಂಗಸು ಬಂದು ಇರುತ್ತಾಳೆ. ನಲವತ್ತೈದರ ವಯಸ್ಸು, ಗಟ್ಟಿಮುಟ್ಟು, ಜೇಬಿನಲ್ಲಿ ಸದಾ ಸ್ಕ್ರೂಡ್ರೈವರು. ನಿನ್ನ ತಂಗಿ ಅವಳಿಗೆ ‘ಯಂತ್ರದಮ್ಮ’ ಅಂತ ಹೆಸರಿಟ್ಟಳು. ತಮ್ಮ ಮುಂಚೆಯೇ ಫೋನ್ ಮಾಡಿದ್ದರಿಂದ ಬಾಗಿಲಲ್ಲೇ ಕಾದಿದ್ದಳು.

‘ಬನ್ನಿ ಅಮ್ಮಾವ್ರೇ, ನಿಮ್ಮನೆಗೆ ನಾನೇ ಕರೀಬೇಕಲ್ಲ ನಿಮ್ಮನ್ನ!’ ಅಂದಳು. ನನಗೆ ಅಳು ಬರುತ್ತೆ ಅಂತ ಮಕ್ಕಳಿಬ್ಬರೂ ನನ್ನ ಮುಖ ನೋಡಿದರು. ನನಗೆ ಬಂದದ್ದು ಸಿಟ್ಟು. ಅಡುಗೆಮನೆಯ ಕಿಟಕಿಗೆ ಅವಳು ಹಸಿರು ಬಣ್ಣ ಬಳಿದಿದ್ದಳು. ನೋಡು ಮಗಳೇ, ಇಪ್ಪತ್ತೇಳು ವರ್ಷ ಬಿಟ್ಟು ಬಂದು ಹಸಿರು ಬಣ್ಣಕ್ಕೆ ಸಿಡುಕುವ ಮುದುಕಿ ನಾನು.

ಒಳಗೆ ಒಲೆಯ ಪಕ್ಕದ ಮೂಲೆಯಲ್ಲಿ ಗೋಡೆಗೆ ಸೇರಿಸಿ ಮಾಡಿದ ಹಲಗೆಯ ಮಂಚ ಹಾಗೇ ಇತ್ತು. ಯಂತ್ರದಮ್ಮ ಅದರ ಮೇಲೆ ಬ್ಯಾಟರಿಗಳನ್ನು ಸಾಲಾಗಿ ಇಟ್ಟಿದ್ದಾಳೆ. ತಂಗಿ ಓಡಿಹೋಗಿ ಬ್ಯಾಟರಿ ಸರಿಸಿ ಕೂತಳು. ‘ನನ್ನ ಮಂಚ! ನೋಡು, ಕಾಲಿನ ಕಡೆ ಎರಡು ಹಲಗೆ ಬೇರೆ ಬಣ್ಣ. ನಾನು ಉದ್ದ ಆದೆ ಅಂತ ಅಪ್ಪ ಜೋಡಿಸಿದ್ದು.’

‘ಅದು ಅಕ್ಕನ ಮಂಚ’ ಅಂದ ತಮ್ಮ.

‘ಯಾವ ಅಕ್ಕ?’

ಅವಳು ನಿಜವಾಗಿಯೂ ಹಾಗೇ ಕೇಳಿದಳು ಕಣೆ. ‘ನಮಗೆ ಎಷ್ಟು ಜನ ಅಕ್ಕಂದಿರು ಇದ್ದಾರೆ?’ ಅಂತ ತಮ್ಮ ರೇಗಿದ. ಅವಳ ಮುಖ ಸಪ್ಪಗಾಯಿತು. ‘ಅಕ್ಕ ಈ ಮನೇಲಿ ಇದ್ದಳಾ? ಅವಳು ದೊಡ್ಡಮ್ಮನ ಮನೇಲಿ ಅಲ್ವಾ ಇದ್ದದ್ದು ಯಾವಾಗಲೂ?’ ಅಂದಳು. ನೀನು ಅಲ್ಲಿಗೆ ಹೋಗಿ ಒಂದೂವರೆ ವರ್ಷದ ಮೇಲೆ ಹುಟ್ಟಿದವಳು ಅವಳು. ನೀನು ದೊಡ್ಡಮ್ಮನ ಮನೆಯಲ್ಲಿ ಬೆಳೆದದ್ದು ಅವಳಿಗೆ ಗೊತ್ತು. ಆದರೆ ನೀನು ಇಲ್ಲಿ ಐದು ವರ್ಷ ಬದುಕಿದ್ದೆ, ಈ ಒಲೆಯ ಪಕ್ಕ ಮಲಗಿದ್ದೆ, ಮಳೆ ಅಳೆಯುವ ಪಾತ್ರೆಗೆ ಚೊಂಬಿನಲ್ಲಿ ನೀರು ಸುರಿದು ನಿಮ್ಮಪ್ಪನ ಕೈಯಲ್ಲಿ ‘ಮೋಡವಿಲ್ಲದ ದಿನ ಎರಡು ಇಂಚು ಮಳೆ’ ಅಂತ ತಂತಿ ಹೊಡೆಸಿಬಿಟ್ಟಿದ್ದೆ, ಇದೊಂದನ್ನೂ ನಾನು ಅವಳಿಗೆ ಹೇಳಿರಲಿಲ್ಲ. ಮುಚ್ಚಿಡಬೇಕು ಅಂತ ಅಲ್ಲ. ನಿನ್ನ ಮಾತು ಬಂದರೆ ನಾನು ಎದ್ದು ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಮನೆಯಲ್ಲಿ ಎಲ್ಲರೂ ಅದನ್ನು ಕಲಿತುಬಿಟ್ಟರು.

ಯಂತ್ರದಮ್ಮ ಚಹಾ ಕೊಟ್ಟಳು, ಬೇಯಿಸಿದ ಆಲೂಗಡ್ಡೆ ಕೊಟ್ಟಳು. ನಾವು ಸಿಪ್ಪೆ ಸುಲಿಯುತ್ತಾ ಕೂತೆವು. ತಂಗಿಗೆ ಆಲೂಗಡ್ಡೆ ನೆತ್ತಿಗೇರಿ ಕೆಮ್ಮು ಬಂತು. ತಮ್ಮ ತಟ್ಟನೆ ತಿರುಗಿ ‘ಸದ್ದು ಮಾಡ್ಬೇಡ’ ಅಂದ. ಅಂದಮೇಲೆ ತಾನೇ ಬೆಚ್ಚಿಬಿದ್ದ. ಆಮೇಲೆ ನಗು ತಂದುಕೊಂಡು, ‘ಇದೊಂದು ಹಳೇ ರೋಗ ನಂಗೆ’ ಅಂದ. ‘ಈ ಮನೇಲಿ ನಾನು ಕೆಮ್ಮು ಬಂದರೆ ದಿಂಬಿನಲ್ಲಿ ಮುಖ ಹುದುಗಿಸಿಕೊಳ್ತಿದ್ದೆ. ಹಗಲಾದರೆ ಹೊರಗೆ ಓಡಿಹೋಗಿ ಮಳೆಮಾಪಕದ ಹಿಂದೆ ಕೆಮ್ಮಿ ಬರ್ತಿದ್ದೆ. ಕೆಮ್ಮಿದರೆ ಕೆಳಗೆ ಕಳಿಸಿಬಿಡ್ತಾರೆ ಅಂತ.’

‘ಹಾಗೆ ಯಾರು ಹೇಳಿದ್ದೋ ನಿನಗೆ?’ ಅಂದೆ.

ಅವನು ಆಲೂಗಡ್ಡೆ ನೋಡುತ್ತಾ ಹೇಳಿದ, ‘ನೀನೇ ಅಮ್ಮ. ಒಂದು ಸಲ. ನಾನು ಹಿಮದಲ್ಲಿ ಬರಿಗಾಲಲ್ಲಿ ಆಡ್ತಿದ್ದೆ. ನೆಗಡಿ ಕೆಮ್ಮು ಹತ್ತಿಸ್ಕೊಂಡ್ರೆ ನಿನ್ನನ್ನೂ ಅಕ್ಕನ ಹಾಗೆ ಕಳಿಸಿಬಿಡ್ತೀನಿ ನೋಡು ಅಂದೆ.’

ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ. ಆದರೆ ಅಂದಿರುತ್ತೇನೆ. ಐದು ವರ್ಷದ ಮಗು ಸುಳ್ಳು ಕಟ್ಟಿ ಮೂವತ್ತಾರು ವರ್ಷ ಜೋಪಾನ ಮಾಡಲ್ಲ. ನೀನು ಹೋದಮೇಲೆ ಮನೆಯಲ್ಲಿ ಕೆಮ್ಮಿನ ಸದ್ದೇ ಅಡಗಿತು, ಇವನಿಗಾದರೂ ಗಟ್ಟಿ ಎದೆ ಇದೆ ಅಂತ ನಾನು ಅಂದುಕೊಂಡು ಸಮಾಧಾನ ಪಟ್ಟಿದ್ದೆ. ಅವನು ದಿಂಬು ಕಚ್ಚಿಕೊಂಡು ಮಲಗಿರುತ್ತಿದ್ದ.

ಮಾತು ತಪ್ಪಿಸೋಕೆ ಅಂತ ನಾನೇ ಆಫೀಸು ನೋಡೋಣ ಅಂತ ಎದ್ದೆ. ತಪ್ಪಿಸಿಕೊಳ್ಳೋಕೆ ಹೋದದ್ದೇ ತಪ್ಪಾಯಿತು. ಅಲ್ಲಿ ಹಳೆಯ ರಿಜಿಸ್ಟರುಗಳೆಲ್ಲ ಕಪಾಟಿನಲ್ಲಿ ಇದ್ದವು. ‘ಸುಟ್ಟುಹಾಕಿ ಅಂತ ಮೇಲಿನವರು ಬರೆದಿದ್ದಾರೆ. ಇಷ್ಟು ಚೆಂದದ ಅಕ್ಷರ, ನಂಗೆ ಮನಸ್ಸು ಬರ್ಲಿಲ್ಲ’ ಅಂದಳು ಯಂತ್ರದಮ್ಮ. ನಿಮ್ಮಪ್ಪನ ಅಕ್ಷರ ನಿನಗೆ ಗೊತ್ತಲ್ಲ, ಮಣಿ ಪೋಣಿಸಿದ ಹಾಗೆ. ತಂಗಿ ಒಂದೊಂದೇ ತೆಗೆದು ‘ಅಪ್ಪ, ಅಪ್ಪ, ಅಪ್ಪ’ ಅಂತ ಹಾಳೆ ತಿರುವುತ್ತಾ ಹೋದಳು. ನಿಮ್ಮಪ್ಪನ ಜೊತೆ ಕೆಲಸಕ್ಕಿದ್ದ ಇನ್ನೊಬ್ಬ ವೀಕ್ಷಕನದು ಕಾಗೆ ಕಾಲು ಗುಬ್ಬಿ ಕಾಲು, ಅದನ್ನು ನೋಡಿ ನಗುತ್ತಿದ್ದಳು. ಆಮೇಲೆ ನಿಂತಳು.

‘ಇದು ಯಾರದು? ಅಪ್ಪನದೂ ಅಲ್ಲ, ಕಾಗೆಕಾಲಿನವರದೂ ಅಲ್ಲ.’

ನಾನು ಕನ್ನಡಕ ಹಾಕಿಕೊಳ್ಳದೇ ಹೇಳಿದೆ, ‘ನನ್ನದು.’

ಅವಳು ಗಟ್ಟಿಯಾಗಿ ಓದಿದಳು. ಫೆಬ್ರವರಿ ಹನ್ನೊಂದು, ಬೆಳಿಗ್ಗೆ ಎಂಟೂವರೆ. ಉಷ್ಣಾಂಶ ಮೈನಸ್ ಎರಡು. ಗಾಳಿ ಉತ್ತರದಿಂದ, ಮಂದ. ಮೋಡ ಇಲ್ಲ. ಗೋಚರತೆ ಉತ್ತಮ. ಷರಾ: ಏನೂ ಇಲ್ಲ.

ಅವತ್ತು ನಿನ್ನನ್ನು ಕಳಿಸಿದ ದಿನ. ನಿನಗೆಷ್ಟು ನೆನಪಿದೆಯೋ ನನಗೆ ತಿಳಿಯದು, ನಾವಿಬ್ಬರೂ ಒಂದು ದಿನವೂ ಅದರ ಮಾತು ಆಡಿಲ್ಲ. ಆ ಚಳಿಗಾಲ ಮೂರನೇ ಸಲ ನಿನಗೆ ಎದೆ ಕಟ್ಟಿತ್ತು. ತುಟಿ ನೀಲಿಯಾಗುತ್ತಿತ್ತು. ಕೆಳಗಿನ ಆಸ್ಪತ್ರೆಯ ಡಾಕ್ಟರು ‘ಈ ಎತ್ತರ ಈ ಮಗುವಿಗೆ ಆಗಿಬರಲ್ಲ, ಒಂದು ವರ್ಷ ಕೆಳಗಿಟ್ಟು ನೋಡಿ’ ಅಂದಿದ್ದರು. ದೊಡ್ಡಮ್ಮ ಗಂಡನನ್ನು ಕಳೆದುಕೊಂಡು, ಶಾಲೆಯ ಮಕ್ಕಳಿಗೆ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದಳು. ‘ಕಳ್ಸು, ನಾನಿದ್ದೀನಲ್ಲ’ ಅಂತ ಒಂದೇ ಸಾಲು ಬರೆದಳು. ನಿಮ್ಮಪ್ಪ ನಿನ್ನನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡರು. ನಾನೂ ಬರಬೇಕಿತ್ತು. ಇನ್ನೊಬ್ಬ ವೀಕ್ಷಕ ರಜೆಯಲ್ಲಿದ್ದ. ಎಂಟೂವರೆಯ ರೀಡಿಂಗು ತಪ್ಪುವಂತಿಲ್ಲ. ತಮ್ಮ ಚಿಕ್ಕವನು. ಅದಕ್ಕೇ ನಾನು ಉಳಿದೆ.

ನೀನು ಅಳಲಿಲ್ಲ. ‘ಬಿಳಿ ಪೆಟ್ಟಿಗೆ ಬಾಗಿಲು ಹಾಕೋದು ಮರೀಬೇಡ’ ಅಂತ ನನಗೇ ಹೇಳಿದೆ. ನಾನು ರೀಡಿಂಗು ತೆಗೆದುಕೊಂಡೆ. ಗೋಚರತೆ ನೋಡೋದು ಹೇಗೆ ಅಂದರೆ, ಅಂಗಳದ ಅಂಚಿನಲ್ಲಿ ನಿಂತು ದೂರದ ಗುರುತುಗಳನ್ನು ನೋಡಬೇಕು. ಎಷ್ಟು ದೂರದ್ದು ಕಾಣುತ್ತೋ ಅಷ್ಟು. ಅವತ್ತು ಕೆಳಗಿನ ಸೇತುವೆಯವರೆಗೂ ಸ್ಪಷ್ಟ ಕಾಣುತ್ತಿತ್ತು. ಒಂದೂವರೆ ತಾಸು, ಹಿಮದ ಮೇಲೆ ಒಂದು ಕಪ್ಪು ಚುಕ್ಕೆ ಇಳಿಯುತ್ತಾ ಇತ್ತು. ಅದರ ಮೇಲೆ ಇನ್ನೊಂದು ಸಣ್ಣ ಚುಕ್ಕೆ, ನಿನ್ನ ಟೊಪ್ಪಿಗೆ. ಮಂಜು ಬಂದು ಮುಚ್ಚಿಬಿಡಬಾರದಾ ಅಂತ ನಾನು ನಿಂತೇ ಇದ್ದೆ. ಮುಚ್ಚಲಿಲ್ಲ. ಅದಕ್ಕೇ ಹಾಗೆ ಬರೆದೆ.

ಇದನ್ನೆಲ್ಲ ನಿನ್ನ ತಮ್ಮ ತಂಗಿಯರಿಗೆ ಆಫೀಸಿನಲ್ಲಿ ನಿಂತುಕೊಂಡೇ ಹೇಳಿದೆ. ಯಂತ್ರದಮ್ಮ ಮೆಲ್ಲಗೆ ಹೊರಗೆ ಹೋದಳು. ತಂಗಿ ಅಳುತ್ತಿದ್ದಳು. ರಿಜಿಸ್ಟರನ್ನು ಎದೆಗೆ ಅವುಚಿಕೊಂಡು ಕೇಳಿದಳು, ‘ಮತ್ತೆ ಒಂದು ವರ್ಷ ಆದ್ಮೇಲೆ ಯಾಕಮ್ಮ ಕರ್ಕೊಂಡು ಬರ್ಲಿಲ್ಲ?’

ನಿನ್ನದೇ ಪ್ರಶ್ನೆ. ನಿನ್ನ ಕಾಗದ ನನ್ನ ಕೈಚೀಲದಲ್ಲೇ ಇತ್ತು.

ನಾನು ಹೇಳಿದೆ, ‘ದೊಡ್ಡಮ್ಮ ಬಿಡಲಿಲ್ಲ. ಅತ್ತುಬಿಟ್ಟಳು. ಮಕ್ಕಳಿಲ್ಲದವಳು, ನಂಗೆ ಕಿತ್ಕೊಂಡು ಬರೋಕೆ ಮನಸ್ಸು ಬರ್ಲಿಲ್ಲ.’

ತಂಗಿ ತಲೆ ಆಡಿಸಿದಳು. ತಮ್ಮ ನನ್ನನ್ನೇ ನೋಡುತ್ತಿದ್ದ. ಕೆಟ್ಟ ಲಿಫ್ಟಿನ ಮುಂದೆ ನಿಂತು ಎಲ್ಲಿ ಸಿಕ್ಕಿಕೊಂಡಿದೆ ಅಂತ ಕಿವಿಗೊಟ್ಟು ಕೇಳುತ್ತಾನಲ್ಲ, ಆ ನೋಟ.

ಇಳಿಯುವಾಗ ಅವನು ನನ್ನ ತೋಳು ಹಿಡಿದುಕೊಂಡಿದ್ದ. ತಂಗಿ ಮುಂದೆ ಹೋಗಿದ್ದಳು. ಸೇತುವೆ ಹತ್ತಿರ ಬಂದಾಗ ನಿಂತು ಹೇಳಿದ, ‘ಅಮ್ಮ, ಆ ಮಂಚದ ಹಲಗೆ. ಅಪ್ಪ ಅದನ್ನ ಜೋಡಿಸಿದ್ದು ಚಿಕ್ಕವಳಿಗಲ್ಲ. ಅವಳಿನ್ನೂ ಹುಟ್ಟೇ ಇರ್ಲಿಲ್ಲ. ಅಕ್ಕ ಒಂದು ವರ್ಷದಲ್ಲಿ ಉದ್ದ ಆಗಿರ್ತಾಳೆ ಅಂತ ನನ್ನ ಕೈಲಿ ಮೊಳೆ ಹಿಡಿಸ್ಕೊಂಡು ಹೊಡೆದ್ರು. ಅವತ್ತು ಸಿಳ್ಳೆ ಹಾಕ್ತಿದ್ರು ಅಪ್ಪ. ಆಮೇಲೆ ಅವರು ಸಿಳ್ಳೆ ಹಾಕಿದ್ದು ನಾನು ಕೇಳಿಲ್ಲ.’

‘ಗಾಳಿ ತಣ್ಣಗಾಗ್ತಿದೆ, ನಡಿ’ ಅಂದೆ ನಾನು. ಅವನು ನಡೆದ. ಕಾರಿನಲ್ಲಿ ಮೂವರೂ ನಿದ್ದೆ ಬಂದವರ ಹಾಗೆ ಕೂತಿದ್ದೆವು.

ಮನೆಗೆ ಬಂದು ಎಂಟು ದಿನವಾಯಿತು. ಮಂಡಿ ಊದಿಕೊಂಡಿದೆ, ಎಣ್ಣೆ ಹಚ್ಚುತ್ತಿದ್ದೇನೆ. ತಂಗಿ ದಿನಾ ಬಂದು ನೋಡಿಕೊಂಡು ಹೋಗುತ್ತಾಳೆ. ನಿನಗೆ ಫೋನ್ ಮಾಡಿದ್ದಳಂತಲ್ಲ? ಮಳೆಮಾಪಕಕ್ಕೆ ನೀರು ಸುರಿದ ಕಥೆ ನಿನ್ನ ಬಾಯಲ್ಲೇ ಕೇಳಬೇಕು ಅಂತ. ನೀನು ನಕ್ಕೆ ಅಂತ ಹೇಳಿದಳು. ಇಷ್ಟು ದಿನದಲ್ಲಿ ನನಗೆ ಅನ್ನ ಇಳಿದದ್ದು ಅವತ್ತೊಂದು ಹೊತ್ತು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಮೊಮ್ಮಗಳಿಗೆ ಅಜ್ಜಿಯ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಲ್ಯಾಬಿನಲ್ಲಿ ನಿಂತೇ ನುಂಗಿಕೊಂಡು ಓಡಬೇಡ. ನಿನ್ನ ಎದೆ ಗಟ್ಟಿಯಾಗಿರಲಿ, ನಿನ್ನ ಮನೆ ಬೆಚ್ಚಗಿರಲಿ, ನಿನ್ನ ಮಗಳು ನಿನ್ನ ಕಣ್ಣೆದುರೇ ಬೆಳೆಯಲಿ.

ಇಂತಿ,
ನಿನ್ನ ಅಮ್ಮ

ವಿ. ಸೂ. — ಬುಧವಾರ ಬೆಳಿಗ್ಗೆ.

ಕಾಗದ ಮಡಿಸಿ ಮೂರು ದಿನವಾಯಿತು, ಅಂಚೆಗೆ ಹಾಕಲಿಲ್ಲ. ಇಷ್ಟುದ್ದ ಬರೆದು ನೀನು ಕೇಳಿದ್ದೊಂದನ್ನು ಮಾತ್ರ ಬರೆದಿಲ್ಲ ನಾನು.

ದೊಡ್ಡಮ್ಮ ನಿನ್ನನ್ನು ಇಟ್ಟುಕೊಳ್ಳಲಿಲ್ಲ. ಅದು ನಾನು ಕಟ್ಟಿದ ಕಥೆ.

ಹದಿನಾಲ್ಕನೇ ತಿಂಗಳಿಗೆ ಡಾಕ್ಟರು ನಿನ್ನ ಎದೆ ಪರೀಕ್ಷೆ ಮಾಡಿ, ಮಗು ಪೂರ್ತಿ ಗುಣವಾಗಿದೆ, ಕರೆದುಕೊಂಡು ಹೋಗಬಹುದು ಅಂದರು. ನಿಮ್ಮಪ್ಪ ಮಂಚ ಉದ್ದ ಮಾಡಿದರು. ‘ಈ ಸಲ ನೀನು ಹೋಗಿ ಬಾ’ ಅಂತ ನನ್ನನ್ನು ಕಳಿಸಿದರು. ಆಗ ನಿನ್ನ ತಂಗಿ ನನ್ನ ಹೊಟ್ಟೆಯಲ್ಲಿ ಮೂರು ತಿಂಗಳು. ನಾನು ಹೋದಾಗ ನೀನು ಶಾಲೆಯಲ್ಲಿದ್ದೆ. ದೊಡ್ಡಮ್ಮ ನಿನ್ನ ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು. ಬೆಟ್ಟದ ಚಳಿಗೆ ಅಂತ ಒಳಗೆ ಉಣ್ಣೆ ಕೊಟ್ಟು ನಾಲ್ಕು ಅಂಗಿ ಹೊಲಿದಿದ್ದಳು, ಬೆಳೆಯೋ ಮಗು ಅಂತ ಒಂದಳತೆ ದೊಡ್ಡದು. ನಾನು ಆ ಪೆಟ್ಟಿಗೆಯ ಮೇಲೆ ಕೂತು, ‘ಬರೋ ಚಳಿಗಾಲ ಒಂದು ಕಳೀಲಿ, ಅಲ್ಲೀವರೆಗೂ ಇಲ್ಲೇ ಇರಲಿ ಅಕ್ಕ’ ಅಂದೆ.

ಯಾಕೆ ಅಂತ ಹೇಳುತ್ತೇನೆ. ನಿನ್ನನ್ನು ಕಳಿಸಿದ ವಾರ, ಐದು ವರ್ಷದಲ್ಲಿ ಮೊದಲ ಸಲ ನಾನು ಎಚ್ಚರವಾಗದೇ ನಿದ್ದೆ ಮಾಡಿದೆ. ನಿನ್ನ ಉಸಿರು ಎಣಿಸುವ ಕೆಲಸ ಇರಲಿಲ್ಲ. ನನಗೆ ಹಗುರವಾಯಿತು. ಆ ಹಗುರ ನನಗೆ ಹಿತವಾಯಿತು ಮಗಳೇ. ಮತ್ತೆ ಆ ಭಯಕ್ಕೆ ಕೈ ಹಾಕೋಕೆ ನನ್ನಿಂದ ಆಗಲಿಲ್ಲ. ನಿನ್ನ ಮೇಲೆ ಪ್ರೀತಿ ಇರಲಿಲ್ಲ ಅಂತ ಅಲ್ಲ, ಇತ್ತು, ಇದ್ದೂ ಬಿಟ್ಟುಬಂದೆ. ಶಾಲೆ ಬಿಡುವ ಮುಂಚೆ, ನಿನ್ನ ಮುಖ ನೋಡದೇ ಬಸ್ಸು ಹತ್ತಿದೆ. ನೋಡಿದ್ದರೆ ಕರೆದುಕೊಂಡು ಬಂದಿರುತ್ತಿದ್ದೆ, ಅದಕ್ಕೇ.

ನಿಮ್ಮಪ್ಪನಿಗೆ ‘ಅಕ್ಕ ಅತ್ತಳು, ಬಿಡಲಿಲ್ಲ’ ಅಂದೆ. ಅವರು ನಂಬಿದರು. ಆ ಚಳಿಗಾಲ ಕಳೆದ ಮೇಲೂ ಅದನ್ನೇ ಅಂದೆ. ಸಾಯುವವರೆಗೂ ಅವರು ಅವಳ ಮನೆಯಲ್ಲಿ ಒಂದು ಲೋಟ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ, ನೀನೂ ನೋಡಿದ್ದೀಯ. ನಾವು ಬೆಟ್ಟ ಬಿಟ್ಟು ಇಳಿದಾಗ ನಿನಗೆ ಹದಿನಾರು, ಕರೆದರೆ ನೀನೇ ಬರಲ್ಲ ಅಂದೆ. ಆಗ ನನಗೆ ಎಷ್ಟು ಅನುಕೂಲವಾಯಿತು ಅಂದರೆ, ಎಲ್ಲರೆದುರು ಅತ್ತೆ.

ನಿನ್ನೆ ನಿನ್ನ ತಮ್ಮ ತಂಗಿಯರನ್ನು ಕರೆದು ಕೂರಿಸಿ ಇಷ್ಟನ್ನೂ ಹೇಳಿದೆ. ತಮ್ಮ ‘ಗೊತ್ತಿತ್ತು’ ಅಂತ ಅಂದು ಎದ್ದುಹೋಗಿ ಪಾತ್ರೆ ತೊಳೆದ. ತಂಗಿ ಇವತ್ತು ಬಂದಿಲ್ಲ.

ಇನ್ನೊಂದಿದೆ. ನೀನು ಕೇಳಿದ ದಿನ ಸಂಜೆಯೇ ದೊಡ್ಡಮ್ಮ ನನಗೆ ಫೋನ್ ಮಾಡಿದ್ದಳು. ಮಾತಾಡೋಕೆ ಶಕ್ತಿ ಇರಲಿಲ್ಲ, ಬಿಟ್ಟು ಬಿಟ್ಟು ಹೇಳಿದಳು. ‘ಅವಳು ಕೇಳಿದಳು. ನಾನೇ ಬಿಡಲಿಲ್ಲ ಅಂತ ಹೇಳಿದ್ದೀನಿ. ನಿನ್ನ ಕೇಳಿದರೂ ಹಾಗೇ ಹೇಳು. ನಾನಂತೂ ಹೊರಟೋಳು, ಅವಳಿಗೆ ಒಬ್ಬ ಅಮ್ಮನಾದರೂ ಉಳೀಲಿ.’

ನಾನು ‘ಆಯ್ತು ಅಕ್ಕ’ ಅಂದೆ.

ಅವಳನ್ನು ಕೊನೆಯ ಸಲ ಮನೆಯಿಂದ ಹೊರಗೆ ತಂದಾಗ ನೀನು ಗೇಟಿನ ಹತ್ತಿರ ಕೈಕಟ್ಟಿಕೊಂಡು ನಿಂತಿದ್ದೆ. ಹತ್ತಿರ ಹೋಗಲಿಲ್ಲ, ಒಂದು ಹನಿ ಕಣ್ಣೀರು ಹಾಕಲಿಲ್ಲ. ಸಾಕಿದವಳಿಗೆ ಇಷ್ಟೇನಾ ಅಂತ ಜನ ಪಿಸುಗುಟ್ಟುತ್ತಿದ್ದರು. ಯಾಕೆ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಒಂದಿಷ್ಟು ಬಾಗಿ ನಿನ್ನ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ.